ವರ್ಷದ ನೆನಪುಗಳನ್ನ ಕೂಡಿಸಿ ಬರೆಯೋದು ಹೇಗೆ? ಮೊದಲು ತಲೆಯನ್ನ ಕೇಳಿ, ಆಮೇಲೆ ಫೋನ್ ತೆಗೀರಿ

ವರ್ಷ ಮುಗೀತಾ ಬಂದಾಗ ಯಾರನ್ನಾದ್ರೂ "ಈ ವರ್ಷ ಹೇಗಿತ್ತು?" ಅಂತ ಕೇಳಿ ನೋಡಿ, ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ನಿದ್ದು "ಏನೋ, ಹಾಗೇ ಹೋಯ್ತು" ಅಂತಾರೆ. ಆಮೇಲೆ ಈಚೆಗೆ ಒಂದೆರಡು ತಿಂಗಳಲ್ಲಿ ಆಗಿದ್ದನ್ನ ಹೇಳ್ತಾರೆ, ಅದರ ಜೊತೆ ದೊಡ್ಡದಾಗಿ ಆದ ಒಂದು ಸಂತೋಷನೋ ಒಂದು ಪೆಟ್ಟೋ ಸೇರಿಸ್ತಾರೆ, ಅಲ್ಲಿಗೆ ಮಾತು ಮುಗೀತು. 365 ದಿನ ಬದುಕಿದ್ದು ಐದು ನಿಮಿಷದ ಮಾತಿಗೆ ಇಳಿದುಬಿಡತ್ತೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ, ಯಾಕಂದ್ರೆ ಅಷ್ಟು ದಿನಗಳಲ್ಲಿ ಎಷ್ಟೋ ಆಗಿರತ್ತೆ, ಹುಡುಕೋ ದಾರಿ ಗೊತ್ತಿಲ್ದೆ ಕೈ ಚೆಲ್ತೀವಿ ಅಷ್ಟೇ.

ಈ ಕೆಲಸ ಮಾಡೋಕೆ ಒಂದು ಕ್ರಮ ಇದೆ. ಅದರಲ್ಲಿ ಮುಖ್ಯವಾದ್ದು ಒಂದೇ ಮಾತು: ಮೊದಲು ಏನೂ ನೋಡದೆ ನೆನಪಿನಿಂದ ಬರೀಬೇಕು, ಆಮೇಲೆ ಫೋಟೋ, ಕ್ಯಾಲೆಂಡರ್, ಮೆಸೇಜ್ ಎಲ್ಲಾ ತೆಗೆದು ಇನ್ನೊಂದು ಪಟ್ಟಿ ಮಾಡ್ಬೇಕು, ಕೊನೆಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ಬೇಕು. ಆ ಎರಡು ಪಟ್ಟಿಗಳ ನಡುವೆ ಇರೋ ವ್ಯತ್ಯಾಸದಲ್ಲೇ ನಿಮ್ಮ ವರ್ಷ ಸಿಗತ್ತೆ. ಹೆಚ್ಚಿನವರು ನೇರವಾಗಿ ಫೋನ್ ಗ್ಯಾಲರಿ ಓಪನ್ ಮಾಡಿ ಶುರು ಮಾಡ್ತಾರೆ, ಹಾಗೆ ಮಾಡಿದ್ರೆ ಯಾವುದು ನಿಮಗೇ ನೆನಪಿತ್ತು, ಯಾವುದು ಫೋಟೋ ನೋಡಿ ನೆನಪಾಯ್ತು ಅಂತ ಆಮೇಲೆ ಬೇರೆ ಮಾಡೋಕೆ ಬರಲ್ಲ.

ಒಂದೇ ಸಲ ಕೂತು ಮುಗಿಸೋ ಕೆಲಸ ಅಲ್ಲ ಇದು. ಮೂರ್ನಾಲ್ಕು ಸಂಜೆಗೆ ಹಂಚ್ಕೊಳ್ಳಿ. ಒಂದು ನೋಟ್‌ಬುಕ್, ಒಂದು ಪೆನ್ನು, ಆಮೇಲೆ ಫೋನ್, ಅಷ್ಟು ಸಾಕು. ವರ್ಷ ಅಂದ್ರೆ ಜನವರಿಯಿಂದ ಡಿಸೆಂಬರ್ ಅಂತ್ಲೇ ಇರ್ಬೇಕು ಅಂತೇನಿಲ್ಲ, ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ ಲೆಕ್ಕ ಹಾಕ್ಬಹುದು, ಹೊಸ ಕೆಲಸಕ್ಕೆ ಸೇರಿದ ದಿನದಿಂದ ಹಾಕ್ಬಹುದು, ಮಗು ಹುಟ್ಟಿದ ದಿನದಿಂದ ಹಾಕ್ಬಹುದು. ಶುರು ಮತ್ತು ಕೊನೆ ಯಾವ ದಿನ ಅಂತ ಮೊದಲೇ ಬರೆದಿಡಿ, ಇಲ್ಲಾಂದ್ರೆ ಹಿಂದಿನ ವರ್ಷದ್ದೆಲ್ಲಾ ಇದರೊಳಗೆ ಬಂದು ಸೇರ್ಕೊಳ್ಳತ್ತೆ.

ಹೆಜ್ಜೆ 1: ಖಾಲಿ ಹಾಳೆ

ಫೋನ್ ಇನ್ನೊಂದು ರೂಮಲ್ಲಿಡಿ. ಇಪ್ಪತ್ತು ನಿಮಿಷ ಟೈಮ್ ಇಟ್ಕೊಳ್ಳಿ. ಈ ವರ್ಷ ಆಗಿದ್ದು ಅಂತ ಏನೇನು ತಲೆಗೆ ಬರತ್ತೋ ಅದನ್ನ ಬಂದ ಹಾಗೇ ಒಂದೊಂದು ಸಾಲಲ್ಲಿ ಬರೀತಾ ಹೋಗಿ. ಕ್ರಮ ಬೇಡ, ತಾರೀಖು ಬೇಡ, ಇದು ಬರೆಯೋ ಅಷ್ಟು ದೊಡ್ಡ ವಿಷಯನಾ ಅನ್ನೋ ಯೋಚನೆ ಅಂತೂ ಬೇಡ್ವೇ ಬೇಡ. ಪಕ್ಕದ ಮನೆಯವರು ಖಾಲಿ ಮಾಡ್ಕೊಂಡು ಹೋಗಿದ್ದು ನೆನಪಾಯ್ತಾ, ಬರೀರಿ. ಯಾರೋ ಹೇಳಿದ ಒಂದು ಮಾತು ಇನ್ನೂ ಚುಚ್ತಾ ಇದ್ಯಾ, ಅದನ್ನೂ ಬರೀರಿ.

ಮೊದಲ ಐದು ನಿಮಿಷ ಸರಸರ ಅಂತ ಬರತ್ತೆ, ಆಮೇಲೆ ನಿಂತ್ಹೋಗತ್ತೆ. ನಿಂತಾಗ ಎದ್ದು ಬಿಡ್ಬೇಡಿ. ಅಲ್ಲಿವರೆಗೆ ಬಂದಿದ್ದೆಲ್ಲಾ ಬಹುಪಾಲು ಈಚಿನದು ಅಥವಾ ದೊಡ್ಡ ಸದ್ದು ಮಾಡಿದ್ದು. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡ್ಕೊಂಡು ತೋರಿಸಿದ್ರು, ಕಲಿತಿದ್ದು ಮೊದಮೊದಲು ಬಹಳ ಬೇಗ ಮರೆತು ಹೋಗತ್ತೆ, ಆಮೇಲೆ ಮರೆಯೋ ವೇಗ ಕಮ್ಮಿ ಆಗ್ತಾ ಬರತ್ತೆ ಅಂತ. ಅವರು ಪ್ರಯೋಗಕ್ಕೆ ತಗೊಂಡಿದ್ದು ಅರ್ಥ ಇಲ್ಲದ ಅಕ್ಷರಗಳ ಜೋಡಣೆ, ನಮ್ಮ ಬದುಕಿನ ಘಟನೆಗಳು ಅಷ್ಟು ಬೇಗ ಅಳಿಸಿ ಹೋಗಲ್ಲ, ಆದ್ರೂ ಯಾರೂ ಕೇಳದೆ, ನಾವೂ ಹೇಳ್ಕೊಳ್ಳದೆ ಬಿಟ್ಟಿದ್ದು ಕೆಳಗೆ ಇಳೀತಾ ಹೋಗತ್ತೆ ಅನ್ನೋದು ಎಲ್ಲರ ಅನುಭವ.

ನಿಂತ್ಹೋದಾಗ ವರ್ಷದ ಕೊನೆಯಿಂದ ಹಿಂದಕ್ಕೆ ನಡೀರಿ. ಡಿಸೆಂಬರ್, ಅದಕ್ಕೂ ಮುಂಚೆ, ಅದಕ್ಕೂ ಮುಂಚೆ ಅಂತ. ಸಾಕ್ಷಿಗಳನ್ನ ವಿಚಾರಿಸೋ ಒಂದು ಪದ್ಧತೀಲಿ ಘಟನೆಯನ್ನ ಉಲ್ಟಾ ಕ್ರಮದಲ್ಲಿ ಹೇಳಿ ಅಂತ ಕೇಳ್ತಾರೆ, ಯಾಕಂದ್ರೆ ನೇರ ಕ್ರಮದಲ್ಲಿ ಹೇಳುವಾಗ ತಪ್ಪಿಸ್ಕೊಂಡ ಸಣ್ಣ ವಿವರಗಳು ಹಿಂದಿನಿಂದ ಬರುವಾಗ ಸಿಕ್ಕಿ ಬೀಳ್ತವೆ. ಅದೇ ಉಪಾಯ ಇಲ್ಲೂ ಕೆಲಸಕ್ಕೆ ಬರತ್ತೆ.

ಹೆಜ್ಜೆ 2: ಯಾವಾಗ ಅಂತ ಕೇಳ್ಬೇಡಿ

ಈ ಹೆಜ್ಜೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಇಲ್ಲೇ ಎಡವೋದು. ನಾವು ನೆನಪು ಮಾಡ್ಕೊಳ್ಳೋಕೆ ಕೂತಾಗ "ಮಾರ್ಚ್‌ನಲ್ಲಿ ಏನಾಯ್ತು?" ಅಂತ ಕೇಳ್ಕೊಳ್ತೀವಿ, ಏನೂ ಬರಲ್ಲ, ಮಾರ್ಚ್‌ನಲ್ಲಿ ಏನೂ ಆಗಿಲ್ಲ ಅಂದ್ಕೊಂಡು ಏಪ್ರಿಲ್‌ಗೆ ಹೋಗ್ತೀವಿ.

ನೆದರ್ಲೆಂಡ್ಸ್‌ನ ವಿಲ್ಲೆಮ್ ವಾಗೆನಾರ್ ಅನ್ನೋ ಮನಶ್ಶಾಸ್ತ್ರಜ್ಞರು 1978ರಿಂದ ಆರು ವರ್ಷ ತಮ್ಮ ಬದುಕಲ್ಲಿ ನಡೆದ ಘಟನೆಗಳನ್ನ ದಿನಾ ಬರೆದಿಟ್ರು, ಸುಮಾರು 2400 ಘಟನೆ. ಪ್ರತಿಯೊಂದಕ್ಕೂ ಏನು, ಯಾರು, ಎಲ್ಲಿ, ಯಾವಾಗ ಅಂತ ನಾಲ್ಕು ಸುಳಿವು. ಆಮೇಲೆ ಒಂದೊಂದೇ ಸುಳಿವು ನೋಡಿ ಉಳಿದಿದ್ದು ನೆನಪಾಗತ್ತಾ ಅಂತ ತಮ್ಮನ್ನ ತಾವೇ ಪರೀಕ್ಷೆ ಮಾಡ್ಕೊಂಡ್ರು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು "ಏನು". ಯಾರು, ಎಲ್ಲಿ ಅನ್ನೋವೂ ಸಹಾಯ ಮಾಡಿದ್ವು. "ಯಾವಾಗ" ಒಂದೇ ಕೊಟ್ರೆ ಹೆಚ್ಚುಕಮ್ಮಿ ಏನೂ ಪ್ರಯೋಜನ ಆಗ್ಲಿಲ್ಲ. ಅಂದ್ರೆ ನೆನಪು ತಾರೀಖಿನ ಪ್ರಕಾರ ಜೋಡಿಸಿಟ್ಟಿರೋದಲ್ಲ, ಹಾಗಿರುವಾಗ ತಾರೀಖು ಹಿಡ್ಕೊಂಡು ಹುಡುಕಿದ್ರೆ ಹೇಗೆ ಸಿಕ್ಕೀತು?

ಅದಕ್ಕೆ ಜನರನ್ನ ಹಿಡ್ಕೊಂಡು ಹುಡುಕಿ. ಈ ವರ್ಷ ಹೊಸದಾಗಿ ಪರಿಚಯ ಆದೋರು ಯಾರು? ಯಾರ ಜೊತೆ ಮಾತು ನಿಂತ್ಹೋಯ್ತು? ಯಾರು ಕೇಳದೇನೇ ಸಹಾಯಕ್ಕೆ ಬಂದ್ರು? ಯಾರ ಮನೇಲಿ ರಾತ್ರಿ ಉಳ್ಕೊಂಡ್ರಿ? ಯಾರಿಗೋಸ್ಕರ ಅತ್ರಿ? ಯಾರ ಫೋನ್ ಬಂದಾಗ ಎದೆ ಧಸಕ್ ಅಂತು? ಆಮೇಲೆ ಜಾಗ ಹಿಡ್ಕೊಂಡು: ಮೊದಲ ಸಲ ಕಾಲಿಟ್ಟ ಕಟ್ಟಡಗಳು, ತುಂಬಾ ಹೊತ್ತು ಕಾಯ್ಕೊಂಡು ಕೂತ ಜಾಗಗಳು, ಆಸ್ಪತ್ರೆ, ಸ್ಟೇಷನ್, ಆಫೀಸಿನ ಮೀಟಿಂಗ್ ರೂಮು. ಆಮೇಲೆ ವಸ್ತು ಹಿಡ್ಕೊಂಡು: ಏನು ಕೊಂಡ್ರಿ, ಏನು ಕಳ್ಕೊಂಡ್ರಿ, ಏನು ಕೆಟ್ಟುಹೋಯ್ತು, ಏನು ಯಾರಿಗೆ ಕೊಟ್ಟುಬಿಟ್ರಿ. ದೇಹದ ಬಗ್ಗೆನೂ ಕೇಳ್ಕೊಳ್ಳಿ, ಯಾವಾಗ ಜ್ವರ ಬಂತು, ಎಲ್ಲಿ ಬಿದ್ರಿ, ಯಾವ ದಿನ ಮೈ ಹಗುರಾಗಿತ್ತು.

ಇನ್ನೆರಡು ಪ್ರಶ್ನೆ ಬಿಡ್ಲೇಬೇಡಿ. ಈ ವರ್ಷ ಮೊದಲ ಸಲ ಮಾಡಿದ್ದು ಏನು? ಕೊನೇ ಸಲ ಮಾಡಿದ್ದು ಏನು? ಅಮೆರಿಕದ ಮಾರಿಗೋಲ್ಡ್ ಲಿಂಟನ್ ಅನ್ನೋ ಸಂಶೋಧಕಿ ಕೂಡ 1972ರಿಂದ ಆರು ವರ್ಷ ಇದೇ ಥರ ದಿನಾ ಬರೆದಿಟ್ಟು ನೋಡಿದ್ರು, ಅವರಿಗೆ ಕಂಡ ಒಂದು ಸಂಗತಿ ಅಂದ್ರೆ ಪದೇ ಪದೇ ನಡೆಯೋ ಘಟನೆಗಳು ಒಂದರೊಳಗೊಂದು ಕಲಸಿಹೋಗಿ ಬಿಡಿ ಬಿಡಿಯಾಗಿ ನೆನಪಿಗೆ ಸಿಗೋದಿಲ್ಲ. ಹತ್ತು ಸಲ ಹೋದ ಮೀಟಿಂಗ್‌ನಲ್ಲಿ ಮೊದಲನೇದು ನೆನಪಿರತ್ತೆ, ನಡುವಿನ ಎಂಟು ಒಂದೇ ಮುದ್ದೆ ಆಗಿರತ್ತೆ. ಕೊನೇ ಸಲ ಅನ್ನೋದಂತೂ ಆಗುವಾಗ ಗೊತ್ತೇ ಆಗಲ್ಲ, ಮಗಳನ್ನ ಕೊನೇ ಸಲ ಎತ್ಕೊಂಡು ಮೆಟ್ಟಿಲು ಹತ್ತಿದ್ದು, ಹಳೇ ಮನೆಯ ಬಾಗಿಲು ಕೊನೇ ಸಲ ಹಾಕಿದ್ದು, ಒಬ್ಬರ ದನಿ ಫೋನಲ್ಲಿ ಕೊನೇ ಸಲ ಕೇಳಿದ್ದು. ಈ ಪ್ರಶ್ನೆ ಕೇಳ್ಕೊಂಡಾಗ್ಲೇ ಅವು ಬೇರೆ ಆಗಿ ನಿಲ್ಲೋದು. ನನ್ನ ಪ್ರಕಾರ ಇಡೀ ಲೇಖನದಲ್ಲಿ ಒಂದೇ ಒಂದು ಪ್ರಶ್ನೆ ಇಟ್ಕೊಳ್ಳಿ ಅಂದ್ರೆ ಇದನ್ನ ಇಟ್ಕೊಳ್ಳಿ.

ಹೆಜ್ಜೆ 3: ಈಗ ಫೋನ್ ತೆಗೀರಿ

ಮೊದಲ ಪಟ್ಟಿ ಮುಗಿದ ಮೇಲೆ ಅದನ್ನ ಮುಟ್ಬೇಡಿ. ಹೊಸ ಪುಟ ತೆಗೆದು ಹನ್ನೆರಡು ತಿಂಗಳ ಹೆಸರು ಬರೆದು ಜಾಗ ಬಿಡಿ. ಒಂದೊಂದು ತಿಂಗಳಿಗೆ ಹತ್ತು ನಿಮಿಷ. ಗ್ಯಾಲರೀಲಿ ಆ ತಿಂಗಳಿಗೆ ಹೋಗಿ ಸುಮ್ನೆ ಸ್ಕ್ರೋಲ್ ಮಾಡಿ, ವಿಡಿಯೋ ಪ್ಲೇ ಮಾಡ್ತಾ ಕೂರ್ಬೇಡಿ, ಕೂತ್ರೆ ಫೆಬ್ರವರೀಲೇ ರಾತ್ರಿ ಆಗತ್ತೆ. ಕಣ್ಣು ನಿಂತ ಕಡೆ ಒಂದು ಸಾಲು ಬರ್ಕೊಂಡು ಮುಂದಕ್ಕೆ ಹೋಗಿ.

ಫೋಟೋ ತಾರೀಖಿನ ವಿಷಯದಲ್ಲಿ ಒಂದು ಎಚ್ಚರಿಕೆ. ನೀವೇ ಕ್ಯಾಮೆರಾದಲ್ಲಿ ತೆಗೆದ ಫೋಟೋದ ಒಳಗೆ ತೆಗೆದ ಸಮಯ ಸೇರ್ಕೊಂಡಿರತ್ತೆ, ಆದ್ರೆ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಆ ಮಾಹಿತಿ ಉಳಿಯಲ್ಲ. ಆಂಡ್ರಾಯ್ಡ್ ಫೋನಲ್ಲಿ ವಾಟ್ಸಾಪ್ ಫೋಟೋದ ಫೈಲ್ ಹೆಸರಲ್ಲಿ 20240612 ಅಂತ ಅಂಕಿ ಇದ್ರೆ ಅದು 2024ರ ಜೂನ್ 12, ಅದು ನಿಮ್ಮ ಫೋನಿಗೆ ಬಂದ ದಿನವೇ ಹೊರತು ಫೋಟೋ ತೆಗೆದ ದಿನ ಅಂತ ನಂಬ್ಬೇಡಿ. ಯಾರೋ ಹತ್ತು ವರ್ಷದ ಹಿಂದಿನ ಫೋಟೋ ಈ ವರ್ಷ ಕಳಿಸಿರ್ತಾರೆ, ಅದು ಈ ವರ್ಷದ ಲೆಕ್ಕಕ್ಕೆ ಬಂದುಬಿಡತ್ತೆ.

ಸ್ಕ್ರೀನ್‌ಶಾಟ್ ಫೋಲ್ಡರ್ ಖಂಡಿತಾ ನೋಡಿ. ಅದನ್ನ ಯಾರೂ ನೋಡಲ್ಲ, ಆದ್ರೆ ಆಗ ನಿಮ್ಮ ತಲೇಲಿ ಏನು ಓಡ್ತಿತ್ತು ಅನ್ನೋದು ಅಲ್ಲಿರೋ ಅಷ್ಟು ನಿಜವಾಗಿ ಬೇರೆಲ್ಲೂ ಇರಲ್ಲ, ಹುಡುಕ್ತಿದ್ದ ಕೆಲಸದ ಜಾಹೀರಾತು, ಹೋಗ್ಬೇಕು ಅಂದ್ಕೊಂಡಿದ್ದ ಊರಿನ ಟಿಕೆಟ್, ಯಾರೋ ಕಳಿಸಿದ ಮೆಸೇಜನ್ನ ಅಳಿಸಿ ಹೋಗೋ ಮುಂಚೆ ಹಿಡಿದಿಟ್ಟಿದ್ದು. ಆಮೇಲೆ ಕ್ಯಾಲೆಂಡರ್. ನೋಟ್ಸ್ ಆ್ಯಪ್. ಬ್ಯಾಂಕ್ ಸ್ಟೇಟ್‌ಮೆಂಟ್, ಅದರಲ್ಲಿ ಮಾಮೂಲಿ ಖರ್ಚು ಬಿಟ್ಟು ಒಂದೇ ಸಲ ಬಂದಿರೋ ಹೆಸರುಗಳನ್ನ ಮಾತ್ರ ನೋಡಿ. ಇಮೇಲಲ್ಲಿ ತಾರೀಖಿನ ಫಿಲ್ಟರ್ ಹಾಕಿ ಟಿಕೆಟ್, ಬುಕಿಂಗ್, ರಿಪೋರ್ಟ್ ಹುಡುಕಿ. ಹತ್ತಿರದವರ ಜೊತೆಗಿನ ಚಾಟಲ್ಲಿ "ತಲುಪಿದೆ", "ಹೇಗಿದೀಯ", "ರಿಸಲ್ಟ್ ಬಂತಾ" ಅಂತ ಸರ್ಚ್ ಕೊಟ್ಟು ನೋಡಿ, ಇಂಥ ಸಣ್ಣ ಮಾತುಗಳ ಸುತ್ತ ದೊಡ್ಡ ದಿನಗಳು ಇರ್ತವೆ.

ಫೋಟೋನೇ ಇಲ್ಲದ ತಿಂಗಳು ಕಂಡ್ರೆ ಅಲ್ಲಿ ನಿಲ್ಲಿ. ಖಾಲಿ ತಿಂಗಳು ಅಂತ ದಾಟಿ ಹೋಗ್ಬೇಡಿ. ಜನ ಖುಷಿಯಲ್ಲಿದ್ದಾಗ ಫೋಟೋ ತೆಗೀತಾರೆ, ಅಪ್ಪನ ಮಂಚದ ಪಕ್ಕ ಕೂತಾಗ ಯಾರು ತೆಗೀತಾರೆ, ಕೆಲಸ ಹೋದ ವಾರ ಯಾರು ತೆಗೀತಾರೆ, ಪರೀಕ್ಷೆಗೆ ಬೆಳಗಿನ ಜಾವ ಎದ್ದು ಓದ್ತಿದ್ದಾಗ ಯಾರಿಗೆ ನೆನಪಾಗತ್ತೆ. ಆ ತಿಂಗಳನ್ನ ಕಾಲ್, ಚಾಟ್, ಬ್ಯಾಂಕ್, ಆಸ್ಪತ್ರೆ ಚೀಟಿ ಇವುಗಳಿಂದ ತುಂಬಿಸ್ಬೇಕಾಗತ್ತೆ. ಗ್ಯಾಲರಿ ನೋಡಿ ಮಾತ್ರ ವರ್ಷ ಬರೆದ್ರೆ ನೀವು ನಗ್ತಿದ್ದ ದಿನಗಳ ವರ್ಷ ಮಾತ್ರ ಬರತ್ತೆ.

ಹೆಜ್ಜೆ 4: ಎರಡು ಪಟ್ಟಿ ಪಕ್ಕ ಪಕ್ಕ

ಈಗ ಎರಡೂ ಪುಟ ಇಟ್ಕೊಂಡು ನೋಡಿ. ಎರಡರಲ್ಲೂ ಇರೋದಕ್ಕೆ ಒಂದು ಟಿಕ್ ಹಾಕಿ, ಅವುಗಳ ಬಗ್ಗೆ ಚಿಂತೆ ಇಲ್ಲ, ಅವು ಎಲ್ಲೂ ಹೋಗಲ್ಲ.

ತಲೇಲಿ ಮಾತ್ರ ಇದ್ದು ಫೋನಲ್ಲಿ ಎಲ್ಲೂ ಇಲ್ಲದ್ದು ಇರತ್ತಲ್ಲ, ಅದಕ್ಕೆ ದೊಡ್ಡ ಗುರುತು ಹಾಕಿ. ಒಂದು ಮಾತುಕತೆ, ಒಬ್ಬರೇ ನಡ್ಕೊಂಡು ಬಂದ ಒಂದು ಸಂಜೆ, ಯಾರಿಗೂ ಹೇಳದೆ ತಗೊಂಡ ಒಂದು ನಿರ್ಧಾರ. ಇವಕ್ಕೆ ನಿಮ್ಮನ್ನ ಬಿಟ್ಟು ಬೇರೆ ಸಾಕ್ಷಿ ಇಲ್ಲ, ನೀವು ಮರೆತ್ರೆ ಅಲ್ಲಿಗೆ ಮುಗೀತು. ಅದಕ್ಕೇ ಮೊದಲು ಬರೆಯಬೇಕಾದ್ದು ಇವನ್ನೇ, ಹೆಚ್ಚು ವಿವರವಾಗಿ ಬರೆಯಬೇಕಾದ್ದೂ ಇವನ್ನೇ.

ಇನ್ನು ಫೋನಲ್ಲಿ ಇದ್ದು ತಲೇಲಿ ಇಲ್ಲದ್ದು. ನೋಡಿದ ತಕ್ಷಣ "ಅರೇ ಹೌದಲ್ಲ, ಇದು ಈ ವರ್ಷನೇನಾ ಆಗಿದ್ದು!" ಅನ್ಸತ್ತೆ. ಇದನ್ನ ಎರಡು ಭಾಗ ಮಾಡಿ. ಕೆಲವು ನಿಜವಾಗ್ಲೂ ಮರೆತು ಹೋಗ್ಬಹುದಾದ ಸಂಗತಿ, ಹೋಗ್ಲಿ ಬಿಡಿ. ಕೆಲವು ನೀವು ಬೇಕು ಬೇಕು ಅಂತ ಕಾಯ್ದು ಕೊನೆಗೂ ಸಿಕ್ಕಿದ್ದು, ಸಿಕ್ಕಿದ ಒಂದೇ ವಾರಕ್ಕೆ ಮುಂದಿನ ಚಿಂತೆ ಬಂದು ಮುಚ್ಚಿಹೋಗಿದ್ದು. ವರ್ಷದ ಶುರುವಿನಲ್ಲಿ ಸಿಕ್ಕಿದ ಒಳ್ಳೇದಕ್ಕೆ ಹೆಚ್ಚಾಗಿ ಈ ಗತಿ ಬರತ್ತೆ, ಅದನ್ನ ಎತ್ತಿ ಮೇಲಕ್ಕೆ ತನ್ನಿ.

ಹೆಜ್ಜೆ 5: ಇನ್ನೊಬ್ಬರನ್ನ ಕೇಳಿ

ಮನೆಯವರನ್ನೋ ಹತ್ತಿರದ ಸ್ನೇಹಿತರನ್ನೋ ಒಬ್ಬರಿಬ್ಬರನ್ನ ಕೇಳಿ. ನಿಮ್ಮ ಪಟ್ಟಿ ತೋರಿಸ್ಬೇಡಿ, "ಈ ವರ್ಷ ನನ್ನ ವಿಷಯದಲ್ಲಿ ನಿಂಗೆ ಏನು ನೆನಪಿದೆ?" ಅಂತ ಮಾತ್ರ ಕೇಳಿ ಸುಮ್ನಿರಿ. ನಡುವೆ ಬಾಯಿ ಹಾಕ್ಬೇಡಿ.

ಅವರು ಹೇಳೋದು ನಿಮ್ಮ ನೆನಪಿಗೆ ಹೊಂದದೇ ಇರ್ಬಹುದು. ಜಗಳ ಆಡ್ಬೇಡಿ, ಯಾಕಂದ್ರೆ ಅವರು ಹೇಳ್ತಿರೋದೇ ಸರಿ ಇರೋ ಸಾಧ್ಯತೆ ಇದೆ, ಇಬ್ಬರದೂ ತಪ್ಪಿರೋ ಸಾಧ್ಯತೆನೂ ಇದೆ. 1986ರ ಜನವರಿ 28ಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಅದರಲ್ಲಿದ್ದ ಏಳೂ ಜನ ತೀರ್ಕೊಂಡ್ರು. ಮಾರನೇ ದಿನ ಬೆಳಗ್ಗೆನೇ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್ ಅನ್ನೋ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಹತ್ರ, ಸುದ್ದಿ ಕೇಳಿದಾಗ ಎಲ್ಲಿದ್ರಿ, ಯಾರು ಹೇಳಿದ್ರು ಅಂತ ಬರೆಸಿದ್ರು. ಸುಮಾರು ಎರಡೂವರೆ ವರ್ಷ ಆದ್ಮೇಲೆ ಅವರಲ್ಲೇ 44 ಜನರನ್ನ ಮತ್ತೆ ಕೇಳಿದಾಗ 11 ಜನರ ಉತ್ತರ ಮುಖ್ಯ ವಿವರಗಳಲ್ಲಿ ಪೂರ್ತಿ ತಪ್ಪಾಗಿತ್ತು, ಆದ್ರೂ ಎಷ್ಟೋ ಜನಕ್ಕೆ ತಮ್ಮ ನೆನಪಿನ ಮೇಲೆ ಗಟ್ಟಿ ನಂಬಿಕೆ ಇತ್ತು. ಅವರದ್ದೇ ಕೈಬರಹ ತೋರಿಸಿದ್ರೂ ಹಳೇ ನೆನಪು ವಾಪಸ್ ಬರ್ಲಿಲ್ಲ. ಹಾಗಾಗಿ ಎರಡು ಮಾತು ಬಂದ್ರೆ ಎರಡನ್ನೂ ಬರ್ಕೊಳ್ಳಿ, ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಹಾಕಿ.

ನೀವು ಲೆಕ್ಕಕ್ಕೇ ಇಟ್ಕೊಳ್ಳದ ಒಂದು ಕೆಲಸವನ್ನ ಅವರು ನೆನಪಿಟ್ಕೊಂಡಿರ್ತಾರೆ, "ಅವತ್ತು ನೀನು ಬಂದು ಸುಮ್ನೆ ಪಕ್ಕದಲ್ಲಿ ಕೂತಿದ್ಯಲ್ಲ" ಅಂತ. ಅದು ಯಾವ ಪಟ್ಟಿಯಲ್ಲೂ ಇರಲ್ಲ.

ಹೆಜ್ಜೆ 6: ನೋವಿನದ್ದು

ಪಟ್ಟಿಯಲ್ಲಿ ಮುಟ್ಟೋಕೆ ಆಗದ ಸಾಲು ಇರ್ಬಹುದು. ಬಲವಂತ ಬೇಡ. ಸಾವು, ಸಂಬಂಧ ಮುರಿದಿದ್ದು, ಕಾಯಿಲೆ ಇಂಥದ್ದು ಇನ್ನೂ ಹಸಿ ಇದ್ರೆ ತಾರೀಖು ಮತ್ತು ಒಂದು ಸಾಲು ಬರೆದು ಪುಟದ ಉಳಿದ ಜಾಗ ಖಾಲಿ ಬಿಡಿ, ಮುಂದಿನ ವರ್ಷ ಬರೀಬಹುದು, ಬರೀದೇನೂ ಇರ್ಬಹುದು.

ಬರೀಬೇಕು ಅನ್ಸಿದ್ರೆ ಜೇಮ್ಸ್ ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಪರೀಕ್ಷಿಸಿದ ಒಂದು ರೀತಿ ಇದೆ, ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ, ನಡೆದಿದ್ದರ ಜೊತೆಗೆ ಆಗ ಮನಸ್ಸಿಗೆ ಆಗಿದ್ದನ್ನೂ ಬರೆಯೋದು. ಬರೆದ ತಕ್ಷಣ ಅವರ ಪ್ರಯೋಗದಲ್ಲಿದ್ದ ವಿದ್ಯಾರ್ಥಿಗಳಿಗೆ ಮನಸ್ಸು ಇನ್ನೂ ಭಾರ ಆಗಿತ್ತು, ಆದ್ರೆ ಮುಂದಿನ ತಿಂಗಳುಗಳಲ್ಲಿ ಎರಡನ್ನೂ ಸೇರಿಸಿ ಬರೆದವರು ಕಾಲೇಜಿನ ವೈದ್ಯರ ಹತ್ರ ಹೋಗಿದ್ದು ಕಮ್ಮಿ. ಎಲ್ಲರಿಗೂ ಒಂದೇ ಥರ ಆಗತ್ತೆ ಅಂತ ಹೇಳೋಕಾಗಲ್ಲ. ಬರೀತಾ ಬರೀತಾ ರಾತ್ರಿ ನಿದ್ದೆ ಬರದೇ ಇರೋದು, ಅದೇ ಯೋಚನೆ ಸುತ್ತೋದು ಶುರುವಾದ್ರೆ ನಿಲ್ಲಿಸಿ, ನಂಬಿಕೆ ಇರೋರ ಹತ್ರ ಇಲ್ಲಾ ಡಾಕ್ಟರ್ ಹತ್ರ ಮಾತಾಡಿ.

ಇನ್ನೊಂದು, "ಇದು ಕೆಟ್ಟ ವರ್ಷ" ಅಂತ ಮೇಲೆ ಹೆಡಿಂಗ್ ಹಾಕೋಕೆ ಹೋಗ್ಬೇಡಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತವರ ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಂದು ಸಲ 60 ಸೆಕೆಂಡ್ 14 ಡಿಗ್ರಿ ತಣ್ಣೀರಲ್ಲಿ ಕೈ ಇಟ್ರು, ಇನ್ನೊಂದು ಸಲ ಅದೇ 60 ಸೆಕೆಂಡ್ ಜೊತೆಗೆ ಇನ್ನೂ 30 ಸೆಕೆಂಡ್, ಆ ಕೊನೇ ಭಾಗದಲ್ಲಿ ನೀರು ನಿಧಾನಕ್ಕೆ 15 ಡಿಗ್ರಿ ಆಗ್ತಿತ್ತು. ಮತ್ತೆ ಯಾವುದು ಮಾಡ್ತೀರಿ ಅಂದ್ರೆ ಹೆಚ್ಚಿನವರು ಉದ್ದದ್ದನ್ನೇ ಆರಿಸ್ಕೊಂಡ್ರು, ಒಟ್ಟು ನೋವು ಅದರಲ್ಲೇ ಜಾಸ್ತಿ ಇದ್ರೂ. ಕೊನೆ ಹೇಗಿತ್ತು, ಎಲ್ಲಕ್ಕಿಂತ ತೀವ್ರವಾಗಿದ್ದ ಗಳಿಗೆ ಹೇಗಿತ್ತು ಅನ್ನೋದು ಇಡೀದರ ಮೇಲೆ ಬಣ್ಣ ಬಳಿಯತ್ತೆ. ಡಿಸೆಂಬರ್ ಕಷ್ಟದ್ದಾದ್ರೆ ಇಡೀ ವರ್ಷ ಕಷ್ಟದ್ದು ಅನ್ಸತ್ತೆ, ತಿಂಗಳ ಪಟ್ಟಿ ಕೈಯಲ್ಲಿದ್ರೆ ಆ ಮಾತು ಎಷ್ಟು ನಿಜ ಅಂತ ನೀವೇ ನೋಡ್ಬಹುದು.

ಹೆಜ್ಜೆ 7: ಆರಿಸೋದು, ಬರೆಯೋದು

ಎಲ್ಲಾ ಸೇರಿ ಅರವತ್ತು ಎಪ್ಪತ್ತು ಸಾಲು ಆಗಿದ್ರೂ ಆಶ್ಚರ್ಯ ಇಲ್ಲ. ಅದರಲ್ಲಿ ಹತ್ತೋ ಹನ್ನೆರಡೋ ಆರಿಸಿ. ಆರಿಸೋಕೆ ಒಂದೇ ಪ್ರಶ್ನೆ ಸಾಕು: ಇದಾದ್ಮೇಲೆ ಏನು ಬದಲಾಯ್ತು? ಪ್ರಮೋಷನ್ ಸಿಕ್ಕಿದ್ರೂ ದಿನ ಹಾಗೇ ಸಾಗಿದ್ರೆ ಅದು ಕೆಳಗೆ ಹೋಗ್ಲಿ, ಯಾರೋ ಒಬ್ಬರು "ಸಾಕು, ರೆಸ್ಟ್ ತಗೋ" ಅಂದಿದ್ದರಿಂದ ನೀವು ಭಾನುವಾರ ಕೆಲಸ ಮಾಡೋದು ಬಿಟ್ಟಿದ್ರೆ ಅದು ಮೇಲೆ ಬರ್ಲಿ. ಊರಿಗೆಲ್ಲಾ ಹೇಳ್ಕೊಳ್ಳೋ ಸಾಧನೆ ಪಟ್ಟಿ ಬೇರೆ, ಇದು ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಬೆರೆಸ್ಬೇಡಿ.

ಆರಿಸಿದ ಒಂದೊಂದಕ್ಕೂ ಐದಾರು ಸಾಲು ಬರೀರಿ. "ಸ್ನೇಹಿತರ ಜೊತೆ ಟ್ರಿಪ್ ಹೋಗಿದ್ವಿ, ಸೂಪರ್ ಆಗಿತ್ತು" ಅಂತ ಬರೆದ್ರೆ ಮೂರು ವರ್ಷ ಬಿಟ್ಟು ಓದಿದಾಗ ನಿಮಗೇ ಏನೂ ಕಾಣಲ್ಲ. ಯಾರ್ಯಾರಿದ್ರು ಹೆಸರು ಹಾಕಿ. ಎಲ್ಲಿ ಕೂತಿದ್ರಿ, ಹೊರಗೆ ಮಳೆ ಇತ್ತಾ, ಯಾರು ಏನಂದ್ರು, ಅವರ ಬಾಯಿಂದ ಬಂದ ಮಾತನ್ನ ಹಾಗೇ ಇಳಿಸಿ. ಆಗ ನೀವು ಏನಂದ್ಕೊಂಡ್ರಿ ಅಂತ ಒಂದು ಸಾಲು, ಈಗ ಏನನ್ಸತ್ತೆ ಅಂತ ಇನ್ನೊಂದು ಸಾಲು, ಇವೆರಡನ್ನೂ ಬೇರೆ ಬೇರೆ ಇಡಿ. ಉದಾಹರಣೆಗೆ: "ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ, ಅಣ್ಣಂಗೆ ಫೋನ್ ಮಾಡಿದೆ, ಆಗಲ್ಲ ಅನ್ಸತ್ತೆ ಅಂದೆ, ಅವನು ಊಟ ಮಾಡಿದ್ಯಾ ಅಂತ ಮಾತ್ರ ಕೇಳ್ದ. ಆಗ ಸಿಟ್ಟು ಬಂತು. ಈಗ ಅದೇ ಮಾತು ಬೇಕಿತ್ತು ಅನ್ಸತ್ತೆ." ಇಷ್ಟಿದ್ರೆ ಸಾಕು, ಭಾಷೆ ಚೆಂದ ಇರ್ಬೇಕು ಅಂತ ತಲೆ ಕೆಡಿಸ್ಕೋಬೇಡಿ.

ಬೇರೆಯವರ ಗುಟ್ಟು ಇರೋ ಸಾಲುಗಳನ್ನ ನಿಮ್ಮ ನೋಟ್‌ಬುಕ್ಕಲ್ಲೇ ಇಟ್ಕೊಳ್ಳಿ. ಆನ್‌ಲೈನ್ ಹಾಕೋದಿದ್ರೆ ಅದಕ್ಕೆ ಬೇರೆ ಪ್ರತಿ ಮಾಡಿ, ಅದರಲ್ಲಿ ಬರೋರನ್ನ ಒಂದು ಮಾತು ಕೇಳಿ ಹಾಕಿ, ಯಾರದ್ದೋ ಕಾಯಿಲೆ, ಯಾರದ್ದೋ ವಿಚ್ಛೇದನ ನಿಮ್ಮ ವರ್ಷದ ಕಥೆಯಾಗಿ ಹೊರಗೆ ಬರೋದು ಅವರಿಗೆ ಇಷ್ಟ ಇರ್ಬೇಕಲ್ಲ.

ಮುಂದಿನ ವರ್ಷಕ್ಕೆ

ದಿನಾ ಡೈರಿ ಬರೆಯೋಕೆ ಎಲ್ಲರಿಗೂ ಆಗಲ್ಲ, ವಾರಕ್ಕೆ ಒಂದು ಸಾಲು ಯಾರಿಗಾದ್ರೂ ಆಗತ್ತೆ. ಫೋನಲ್ಲಿ ವಾರದ ಒಂದು ದಿನಕ್ಕೆ ರಿಮೈಂಡರ್ ಇಟ್ಟು, ಈ ವಾರ ಏನು, ಯಾರು, ಎಲ್ಲಿ ಅಂತ ಒಂದೇ ನೋಟಲ್ಲಿ ಸೇರಿಸ್ತಾ ಹೋಗಿ, 52 ಸಾಲು ಆಗತ್ತೆ. ಒಂದು ವಾರ ತಪ್ಪಿದ್ರೆ ಹಿಂದಿನದನ್ನ ತುಂಬೋಕೆ ಕೂರ್ಬೇಡಿ, ಆ ವಾರದ್ದು ಬರೆದು ಮುಂದುವರಿಸಿ. ಗುಂಪಿನ ಫೋಟೋ ತೆಗೆದ ದಿನವೇ ಅದರ ಕ್ಯಾಪ್ಷನ್ನಲ್ಲಿ ಹೆಸರುಗಳನ್ನ ಹಾಕಿಬಿಡಿ.

ಬರೆದ ಪುಟಗಳನ್ನ ಸ್ಕ್ಯಾನ್ ಮಾಡಿ ಫೈಲಿನ ಹೆಸರಲ್ಲಿ ವರ್ಷ ಹಾಕಿ ಫೋನಿನ ಹೊರಗೆ ಇನ್ನೆರಡು ಕಡೆ ಇಡಿ, ಒಂದು ಆನ್‌ಲೈನ್ ಸ್ಟೋರೇಜ್, ಒಂದು ಪೆನ್‌ಡ್ರೈವ್ ಇಲ್ಲಾ ಹಾರ್ಡ್ ಡಿಸ್ಕ್. ನೋಟ್‌ಬುಕ್ ಎಲ್ಲಿದೆ ಅಂತ ಮನೇಲಿ ಒಬ್ಬರಿಗಾದ್ರೂ ಗೊತ್ತಿರ್ಲಿ.